ಸೈಕೋಗೆ ಸೇಡು ಎಲ್ಲಿಂದ ಬಂತು? (10 ಭಾಗಗಳ ಸರಣಿ)

1/10

ಫ್ರೆಂಡ್ಸ್, ಮೊದಲು ಒಂದು ಸಣ್ಣ ಪರೀಕ್ಷೆ.

'ಬಾಜಿಗರ್' ಸಿನಿಮಾದಲ್ಲಿ ಶಾರುಖ್ ಖಾನ್ ತನ್ನ ಹುಡುಗೀನ ಕಟ್ಟಡದ ಮೇಲಿಂದ ಕೆಳಗೆ ಹಾಕೋ ಸೀನ್ ಗೊತ್ತಲ್ವಾ? ಪೂರ್ತಿ ಸಿನಿಮಾ ನೋಡದವರೂ ಆ ತುಣುಕನ್ನ ಎಲ್ಲಾದರೂ ನೋಡಿರ್ತೀರಿ. ಈಗ ಹೇಳಿ, ಆ ಹುಡುಗಿಯ ಹೆಸರೇನು? ನಟಿಯ ಹೆಸರಲ್ಲ, ಪಾತ್ರದ ಹೆಸರು. ಗೂಗಲ್ ಮಾಡಬೇಡಿ.

ನನ್ನ ಕ್ಲಾಸಲ್ಲಿ ಕೆಲವರನ್ನ ಕೇಳಿದೆ. ತಳ್ಳಿದವನ ಹೆಸರು ಬಂತು, ಅವನ ಡೈಲಾಗ್ ಬಂತು, ಅವನ ಅಮ್ಮನ ಕಷ್ಟನೂ ಬಂತು. ಸತ್ತವಳ ಹೆಸರು ಮಾತ್ರ ಯಾರಿಗೂ ಬರಲಿಲ್ಲ. ಇದು ಮರೆವಿನ ವಿಷಯ ಅಲ್ಲ. ಆ ಕಥೆಯನ್ನ ಹಾಗೆ ಕಟ್ಟಿದ್ದಾರೆ.

ಇದೇ ಕಥೆ 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದಾಗ ಕೊಲೆಗಾರ ಒಬ್ಬ ಕಾಲೇಜ್ ಸ್ಟೂಡೆಂಟ್. ಅವನಿಗೆ ಯಾರ ಮೇಲೂ ಸೇಡು ಇರಲಿಲ್ಲ. 1993ರಲ್ಲಿ ಮುಂಬೈಗೆ ಬಂದಾಗ ಸೇಡು ಸೇರಿಕೊಳ್ತು. 2002ರಲ್ಲಿ ಕನ್ನಡಕ್ಕೂ ಬಂತು. ಆ ಸೇಡು ಎಲ್ಲಿ ಸೇರಿತು, ಯಾಕೆ ಸೇರಿತು, ಸೇರಿದ ಮೇಲೆ ನೋಡೋ ನಮಗೇನಾಯ್ತು ಅನ್ನೋದೇ ಈ ಸರಣಿ.

ಎಚ್ಚರಿಕೆ: ಐದಾರು ಸಿನಿಮಾಗಳ ಕ್ಲೈಮ್ಯಾಕ್ಸ್ ಇಲ್ಲಿ ಬಯಲಾಗುತ್ತೆ. ಬೇಡ ಅನ್ನೋರು ಸೇವ್ ಮಾಡಿಟ್ಟು, ಸಿನಿಮಾ ನೋಡಿಕೊಂಡು ಬನ್ನಿ.

2/10

ಐರಾ ಲೆವಿನ್ ಹುಟ್ಟಿದ್ದು 1929ರಲ್ಲಿ. ಅವನ ಮೊದಲ ಕಾದಂಬರಿ 'ಎ ಕಿಸ್ ಬಿಫೋರ್ ಡೈಯಿಂಗ್' ಬಂದಿದ್ದು 1953ರಲ್ಲಿ. ಲೆಕ್ಕ ಹಾಕಿ, ಆಗ ಅವನಿಗೆ ಇನ್ನೂ ಇಪ್ಪತ್ತನಾಲ್ಕರ ಆಸುಪಾಸು. ನಮಗಿಂತ ಒಂದೆರಡು ವರ್ಷ ಸೀನಿಯರ್ ಅನ್ನಬಹುದು. ಮೊದಲ ಕಾದಂಬರಿಗೆ ಕೊಡೋ ಎಡ್ಗರ್ ಪ್ರಶಸ್ತಿ ಇದಕ್ಕೆ ಬಂತು. ಮುಂದೆ 'ರೋಸ್‌ಮರೀಸ್ ಬೇಬಿ' (1967) ಬರೆದವನೂ ಇವನೇ.

ಕಥೆ ಇಷ್ಟು. ಬಡ್ ಕಾರ್ಲಿಸ್ ಅನ್ನೋ ಹುಡುಗ ಎರಡನೇ ಮಹಾಯುದ್ಧ ಮುಗಿಸಿಕೊಂಡು ಬಂದು ಕಾಲೇಜ್ ಸೇರಿದ್ದಾನೆ. ನೋಡೋಕೆ ಚೆನ್ನಾಗಿದ್ದಾನೆ, ಮಾತು ಬೆಣ್ಣೆ. ಅವನಿಗೆ ಬೇಕಾಗಿರೋದು ಒಂದೇ, ದುಡ್ಡು. ತಾಮ್ರದ ದೊಡ್ಡ ಉದ್ಯಮಿ ಒಬ್ಬರ ಮಗಳು ಡೊರೊಥಿ ಅದೇ ಕಾಲೇಜಲ್ಲಿ ಓದ್ತಿದ್ದಾಳೆ. ಅವಳನ್ನ ಪ್ರೀತಿಸೋ ಹಾಗೆ ನಟಿಸ್ತಾನೆ.

ಲೆಕ್ಕ ತಪ್ಪುತ್ತೆ. ಡೊರೊಥಿ ಮದುವೆಗೆ ಮೊದಲೇ ಗರ್ಭಿಣಿ ಆಗ್ತಾಳೆ. ಅಪ್ಪ ಕಟ್ಟುನಿಟ್ಟಿನ ಮನುಷ್ಯ. ವಿಷಯ ಗೊತ್ತಾದ್ರೆ ಮಗಳಿಗೆ ಬಿಡಿಗಾಸೂ ಕೊಡಲ್ಲ. ದುಡ್ಡಿಲ್ಲದ ಡೊರೊಥಿ ಬಡ್‌ಗೆ ಬೇಡ. ಆದ್ರೆ ಬಿಟ್ಟು ಹೋಗೋಕೂ ಆಗಲ್ಲ. ಹಾಗಾಗಿ ಅವಳೇ ಇಲ್ಲದಂತೆ ಮಾಡೋಣ ಅಂತ ತೀರ್ಮಾನಿಸ್ತಾನೆ. ಇಂಟರ್ನಲ್ಸ್‌ಗೆ ಓದಿಕೊಳ್ಳೋ ಥರ ಕೂತು ಪ್ಲ್ಯಾನ್ ಮಾಡ್ತಾನೆ.

ಸ್ಪ್ಯಾನಿಷ್ ಅನುವಾದದ ನೆಪ ಹೇಳಿ, ಆತ್ಮಹತ್ಯೆ ಪತ್ರದ ಹಾಗೆ ಕಾಣೋ ನಾಲ್ಕು ಸಾಲನ್ನ ಅವಳ ಕೈಯಿಂದಲೇ ಬರೆಸ್ತಾನೆ. ಆಮೇಲೆ ರಿಜಿಸ್ಟರ್ ಮದುವೆ ಅಂತ ಕರ್ಕೊಂಡು ಹೋಗಿ, ಆ ಕಟ್ಟಡದ ತಾರಸಿಯಿಂದ ತಳ್ತಾನೆ.

ಏನೋ ನೆನಪಾಗ್ತಿದೆ ಅಲ್ವಾ? ಪತ್ರ, ರಿಜಿಸ್ಟ್ರಾರ್ ಆಫೀಸು, ತಾರಸಿ. 40 ವರ್ಷದ ನಂತರದ ಆ ಹಿಂದಿ ಸೀನಿನ ಮೂಲ ಇದು.

3/10

ಈ ಪುಸ್ತಕದಲ್ಲಿ ಒಂದು ಜಾಣತನ ಇದೆ. ಅದು ಗೊತ್ತಾದ್ರೆ ಮುಂದಿನದೆಲ್ಲ ಅರ್ಥ ಆಗುತ್ತೆ.

ಕಾದಂಬರಿಗೆ ಮೂರು ಭಾಗ. ಡೊರೊಥಿ, ಎಲೆನ್, ಮೇರಿಯನ್. ಮೂವರೂ ಅಕ್ಕತಂಗಿಯರು. ಮೊದಲ ಭಾಗ ಪೂರ್ತಿ ಕೊಲೆಗಾರನ ಜೊತೆಯಲ್ಲೇ ಸಾಗುತ್ತೆ. ಆದ್ರೆ ಅವನ ಹೆಸರೇ ಬರಲ್ಲ. ಬರೀ 'ಅವನು'. ಅವನ ತಲೆಯೊಳಗಿನ ಲೆಕ್ಕಾಚಾರ ಎಲ್ಲ ಗೊತ್ತು, ಅವನು ಯಾರು ಅನ್ನೋದು ಮಾತ್ರ ಗೊತ್ತಿಲ್ಲ.

ಎರಡನೇ ಭಾಗದಲ್ಲಿ ಎಲೆನ್ ತನ್ನ ತಂಗಿಯ ಸಾವು ಆತ್ಮಹತ್ಯೆ ಅಲ್ಲ ಅಂತ ಅನುಮಾನಪಟ್ಟು ಅದೇ ಕಾಲೇಜಿಗೆ ಬರ್ತಾಳೆ. ಅಲ್ಲಿ ಕೆಲವು ಹುಡುಗರ ಪರಿಚಯ ಆಗುತ್ತೆ. ಇವರಲ್ಲಿ 'ಅವನು' ಯಾರು? ಓದೋರು ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡಬೇಕು. ನಗುಮುಖದವನನ್ನೂ, ಸಹಾಯ ಮಾಡೋಕೆ ಬಂದವನನ್ನೂ. ಎಲೆನ್ ಕೂಡ ಉಳಿಯಲ್ಲ. ಮೂರನೇ ಭಾಗದಲ್ಲಿ ಅವನು ಹಿರಿಯಕ್ಕ ಮೇರಿಯನ್ ಹತ್ತಿರ ಬರ್ತಾನೆ. ಕೊನೆಗೆ ತಾಮ್ರ ಕರಗಿಸೋ ಕಾರ್ಖಾನೆಯಲ್ಲಿ, ಕುದಿಯೋ ತಾಮ್ರದೊಳಗೆ ಬಿದ್ದು ಸಾಯ್ತಾನೆ. ಯಾವ ಆಸ್ತಿಗೆ ಆಸೆಪಟ್ಟನೋ ಅದರಲ್ಲೇ.

ಗಮನಿಸಿ: ಮೂರು ಭಾಗಕ್ಕೂ ಹೆಸರು ಹುಡುಗಿಯರದು. ಪುಸ್ತಕದ ಒಳಪುಟ ತೆಗೆದ ಕೂಡಲೇ ಕಣ್ಣಿಗೆ ಬೀಳೋದು ಅವನು ಗುರಿ ಮಾಡಿದವರ ಹೆಸರು. ಅವನಿಗೆ ಹೆಸರೂ ಸಲೀಸಾಗಿ ಸಿಗಲ್ಲ, ಕಣ್ಣೀರು ಬರಿಸೋ ಫ್ಲ್ಯಾಶ್‌ಬ್ಯಾಕೂ ಸಿಗಲ್ಲ. ಬಡತನ ಇತ್ತು, ಮಗನನ್ನ ತಲೆ ಮೇಲೆ ಹೊತ್ತು ಮೆರೆಸೋ ತಾಯಿ ಇದ್ದಳು, ಅಷ್ಟೇ. ಅದನ್ನ ಲೆವಿನ್ ಮಾಹಿತಿಯಾಗಿ ಹೇಳ್ತಾನೆ, ರಿಯಾಯಿತಿ ಕೊಡಲ್ಲ.

4/10

"ಸುಮ್ನೆ ದುಡ್ಡಿಗೋಸ್ಕರ ಓದೋ ಹುಡುಗ ಇಷ್ಟು ತಣ್ಣಗೆ ಕೊಲೆ ಮಾಡ್ತಾನಾ? ಕಥೆ ಕಣ್ರೀ" ಅಂತೀರಾ? ದುಡ್ಡಿನ ಅಗತ್ಯವೂ ಇಲ್ಲದೆ ಮಾಡಿದವರಿದ್ದರು.

1924ರ ಮೇ 21, ಶಿಕಾಗೊ. ನೇಥನ್ ಲಿಯೊಪೋಲ್ಡ್‌ಗೆ 19 ವರ್ಷ, ರಿಚರ್ಡ್ ಲೋಬ್‌ಗೆ 18. ಇಬ್ಬರೂ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದವರು, ಇಬ್ಬರೂ ಕೋಟ್ಯಧಿಪತಿಗಳ ಮಕ್ಕಳು. ಓದಲ್ಲಿ ಎಷ್ಟು ಚುರುಕು ಅಂದ್ರೆ, ವಯಸ್ಸಿಗೆ ಮುಂಚೆಯೇ ಡಿಗ್ರಿ ಮುಗಿಸಿದ್ದರು. ಇಬ್ಬರೂ ಸೇರಿ 14 ವರ್ಷದ ಹುಡುಗನೊಬ್ಬನನ್ನ ಕಾರಿಗೆ ಹತ್ತಿಸಿಕೊಂಡು ಕೊಂದರು. ಆ ಹುಡುಗ ಅವರಿಗೆ ಏನೂ ಮಾಡಿರಲಿಲ್ಲ. ಹಣಕ್ಕೆ ಪತ್ರ ಬರೆದಿದ್ದು ಅಪಹರಣದ ಹಾಗೆ ಕಾಣಲಿ ಅಂತ. ಯಾರ ಕೈಗೂ ಸಿಗದ ಹಾಗೆ ಅಪರಾಧ ಮಾಡಬಲ್ಲೆವು ಅಂತ ತಮಗೆ ತಾವೇ ತೋರಿಸಿಕೊಳ್ಳಬೇಕಿತ್ತು, ಅಷ್ಟೇ.

ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಶವದ ಹತ್ತಿರ ಒಂದು ಕನ್ನಡಕ ಬಿದ್ದಿತ್ತು. ಅದರ ಕೀಲು ಅಪರೂಪದ್ದು. ಶಿಕಾಗೊದಲ್ಲಿ ಅಂಥದ್ದನ್ನ ಕೊಂಡವರು ಮೂರೇ ಜನ. ಅದರಲ್ಲಿ ಒಬ್ಬ ಲಿಯೊಪೋಲ್ಡ್.

ವಕೀಲ ಕ್ಲಾರೆನ್ಸ್ ಡ್ಯಾರೋ ಮನೋವೈದ್ಯರನ್ನ ಕೋರ್ಟಿಗೆ ಕರೆಸಿ ವಾದ ಮಾಡಿ ಗಲ್ಲು ತಪ್ಪಿಸಿದರು. ಶಿಕ್ಷೆ: ಜೀವಾವಧಿ, ಅದರ ಮೇಲೆ 99 ವರ್ಷ. ಇದನ್ನೇ ಹೋಲೋ ಕಥೆಯನ್ನ ಹಿಚ್‌ಕಾಕ್ 1948ರಲ್ಲಿ 'ರೋಪ್' ಅಂತ ಸಿನಿಮಾ ಮಾಡಿದರು.

ಆಗ ಪತ್ರಿಕೆಗಳು, ವೈದ್ಯರು, ಜನ ಎಲ್ಲರೂ ಕೇಳಿದ್ದು ಒಂದೇ ಮಾತು: ಯಾಕೆ? ಸಮಾಧಾನ ಆಗೋ ಉತ್ತರ ಸಿಗಲಿಲ್ಲ. ಕಾರಣ ಸಿಗದಿದ್ರೆ ನಮಗೆ ನಿದ್ದೆ ಬರಲ್ಲ. ಮುಂದೆ ಸಿನಿಮಾಗಳು ಮಾಡಿದ್ದು ಆ ಕಾರಣ ಒದಗಿಸೋ ಕೆಲಸವನ್ನೇ.

5/10

ಅಲ್ಲಿಗೆ ಹೋಗೋ ಮುಂಚೆ ಒಂದು ಪದದ ವಿಷಯ. 'ಸೈಕೋ'.

ಕ್ಲಾಸಲ್ಲಿ ಯಾರಾದ್ರೂ ಮಾತು ಕಮ್ಮಿ ಆಡಿದ್ರೆ ಸೈಕೋ. ಬ್ರೇಕಪ್ ಆಗಿ ಅತ್ತರೆ ಸೈಕೋ. ಯಾರೋ ಮಾತ್ರೆ ತಗೋತಿದ್ದಾರೆ ಅಂತ ಗೊತ್ತಾದ್ರೂ ಸೈಕೋ. 2008ರಲ್ಲಿ ರಘು ದೀಕ್ಷಿತ್ ಸಂಗೀತದ ಒಂದು ಕನ್ನಡ ಸಿನಿಮಾದ ಹೆಸರೇ 'ಸೈಕೋ'. ಈ ಪದ ಬೀದಿಗೆ ಬರೋದಕ್ಕೆ ದೊಡ್ಡ ಕಾರಣ ರಾಬರ್ಟ್ ಬ್ಲಾಕ್‌ನ 1959ರ ಕಾದಂಬರಿ, ಅದನ್ನ ಹಿಚ್‌ಕಾಕ್ 1960ರಲ್ಲಿ ತೆಗೆದ ಸಿನಿಮಾ.

ಆದ್ರೆ ವೈದ್ಯರ ಪುಸ್ತಕದಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಸೈಕೋಸಿಸ್ ಅಂದ್ರೆ ವಾಸ್ತವದ ಹಿಡಿತ ತಪ್ಪೋದು. ಇಲ್ಲದ ದನಿ ಕೇಳಿಸೋದು, ಇಲ್ಲದ್ದನ್ನ ನಂಬೋದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸೈಕೋಪತಿ ಅದಲ್ಲ. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ಇದರ ಬಗ್ಗೆ ಬರೆದ ಪುಸ್ತಕದ ಹೆಸರಿನ ಅರ್ಥವೇ 'ಸ್ವಸ್ಥತೆಯ ಮುಖವಾಡ'. ಅವರು ಕಂಡವರಲ್ಲಿ ಭ್ರಮೆ ಇರಲಿಲ್ಲ, ಗಾಬರಿ ಇರಲಿಲ್ಲ, ಮೇಲ್ನೋಟಕ್ಕೆ ಮೋಹಕವಾಗಿದ್ದರು. ಇಲ್ಲದೇ ಇದ್ದದ್ದು ಪಶ್ಚಾತ್ತಾಪ, ಆಳವಾದ ಪ್ರೀತಿ.

ಆಮೇಲೆ ಕೆನಡಾದ ರಾಬರ್ಟ್ ಹೇರ್ 20 ಅಂಶಗಳ ಒಂದು ಪಟ್ಟಿ ಮಾಡಿದರು. ಒಟ್ಟು 40 ಅಂಕ. ತರಬೇತಿ ಪಡೆದ ತಜ್ಞರು ಮಾತ್ರ ಬಳಸಬೇಕು, ರೀಲ್ಸ್ ಕ್ವಿಜ್ ಅಲ್ಲ. ಆ ಪಟ್ಟಿಯಲ್ಲಿ ಸುಳ್ಳು ಇದೆ, ಬಳಸಿಕೊಳ್ಳೋದು ಇದೆ, ಭಾವನೆಗಳು ಮೇಲುಮೇಲಿನವಾಗಿರೋದು ಇದೆ.

ಈಗ ಯೋಚನೆ ಮಾಡಿ. ಭಾವನೆ ಆಳಕ್ಕೇ ಇಳಿಯದವನು ಅಪ್ಪ ಅಮ್ಮನಿಗಾದ ಅನ್ಯಾಯವನ್ನ ಹದಿನೈದಿಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡು ಕೊರಗ್ತಾನಾ? ಪುಸ್ತಕದ ಬಡ್ ಆ ಪಟ್ಟಿಗೆ ಹತ್ತಿರ ಬರ್ತಾನೆ. ಸೇಡಿನ ಹೀರೋಗಳು ಅಷ್ಟು ಸುಲಭಕ್ಕೆ ಬರಲ್ಲ. 'ಸೈಕೋಪಾತ್ ಸೇಡು ತೀರಿಸಿಕೊಂಡ' ಅನ್ನೋದು ಹೆಚ್ಚಾಗಿ ಸಿನಿಮಾ ಮಾಡಿದ ಜೋಡಿ.

6/10

1956ರಲ್ಲಿ ಲೆವಿನ್ ಕಾದಂಬರಿ ಮೊದಲ ಸಲ ಸಿನಿಮಾ ಆಯ್ತು. ನಿರ್ದೇಶಕ ಗೆರ್ಡ್ ಓಸ್ವಾಲ್ಡ್, ಕೊಲೆಗಾರನ ಪಾತ್ರದಲ್ಲಿ ರಾಬರ್ಟ್ ವ್ಯಾಗ್ನರ್.

ಶುರುವಿಗೇ ಒಂದು ತೊಂದರೆ. ಪುಸ್ತಕದಲ್ಲಿ 'ಅವನು' ಅಂತ ಬರೆದು ಮುಖ ಮುಚ್ಚಬಹುದು. ತೆರೆ ಮೇಲೆ ಹಾಗಾಗಲ್ಲ. ವ್ಯಾಗ್ನರ್ ಕಾಣಿಸಿದ ಮೇಲೆ 'ಯಾರು?' ಅನ್ನೋ ಪ್ರಶ್ನೆ ಮುಗೀತು. ಉಳಿದದ್ದು 'ಸಿಕ್ಕಿಬೀಳ್ತಾನಾ?' ಮತ್ತು 'ಯಾಕೆ?'.

ಮೊದಲ ಸಿನಿಮಾ 'ಸಿಕ್ಕಿಬೀಳ್ತಾನಾ?' ಅನ್ನೋದನ್ನೇ ಹಿಡಿದುಕೊಂಡು ಮುಗಿಸಿತು. ಕಾರಣ ಅದೇ ಹಳೇದು, ದುಡ್ಡು.

1991ರಲ್ಲಿ ಜೇಮ್ಸ್ ಡಿಯರ್ಡನ್ ಮತ್ತೆ ಸಿನಿಮಾ ಮಾಡಿದರು. ಮ್ಯಾಟ್ ಡಿಲನ್ ಕೊಲೆಗಾರ, ಶಾನ್ ಯಂಗ್ ಅವಳಿ ಸೋದರಿಯರಾಗಿ ಡಬಲ್ ರೋಲ್. ಇದರಲ್ಲಿ ಹೊಸದೊಂದು ಸೇರಿತು: ಕೊಲೆಗಾರನ ಬಾಲ್ಯ. ಬಡ ಹುಡುಗ ಕಿಟಕಿಯಿಂದ ನೋಡ್ತಾನೆ. ಆ ಶ್ರೀಮಂತ ಮನೆತನದ ಹೆಸರು ಬರೆದ ಗೂಡ್ಸ್ ರೈಲು ಮನೆ ಹಿಂದೆಯೇ ಹೋಗ್ತಿರುತ್ತೆ. ಆ ಹೆಸರು ಅವನ ತಲೆಯಲ್ಲಿ ಕೂತುಬಿಡುತ್ತೆ. ಕೊನೆಗೆ ಅಂಥದ್ದೇ ರೈಲಿಗೆ ಸಿಕ್ಕಿ ಸಾಯ್ತಾನೆ.

ಇದಿನ್ನೂ ಸೇಡಲ್ಲ, ಹೊಟ್ಟೆಕಿಚ್ಚು ಬೆರೆತ ಆಸೆ. ಆದ್ರೆ ಬಾಗಿಲು ತೆರೀತು. ಮೊದಲ ಸಲ ನಾವು ಕೊಲೆಗಾರನನ್ನ ಪುಟ್ಟ ಹುಡುಗನಾಗಿ ನೋಡಿದ್ವಿ. ಎರಡೇ ವರ್ಷಕ್ಕೆ ಮುಂಬೈ ಆ ಬಾಗಿಲನ್ನ ಪೂರ್ತಿ ತೆಗೀತು.

7/10

1993ರ ನವೆಂಬರ್ 12. 'ಬಾಜಿಗರ್' ಬಿಡುಗಡೆ. ನಿರ್ದೇಶಕರು ಅಬ್ಬಾಸ್–ಮಸ್ತಾನ್ ಸಹೋದರರು.

ತಾಮ್ರದ ಉದ್ಯಮಿ ಇಲ್ಲಿ ಮದನ್ ಚೋಪ್ರಾ ಆದ. ಆದ್ರೆ ಈಗ ಅವನು ಮೋಸಗಾರ. ಅಜಯ್‌ನ ಅಪ್ಪನ ಕಂಪನಿಯನ್ನೇ ನುಂಗಿದವನು. ಅಪ್ಪ ಸತ್ತ, ಪುಟ್ಟ ತಂಗಿ ಸತ್ತಳು, ಅಮ್ಮನ ಮನಸ್ಸು ಕದಡಿಹೋಯ್ತು. ಹುಡುಗ ಬೆಳೆದು ಚೋಪ್ರಾನ ಇಬ್ಬರು ಹೆಣ್ಣುಮಕ್ಕಳ ಬದುಕಿಗೆ ಎರಡು ಹೆಸರಲ್ಲಿ ಬರ್ತಾನೆ.

ಹಿಂದಿ ಪ್ರೇಕ್ಷಕರಿಗೆ ಇದು ಪರಿಚಯದ ಅಚ್ಚು. 1973ರ 'ಜಂಜೀರ್'ನಿಂದಲೂ ಬಾಲ್ಯದಲ್ಲಿ ಅನ್ಯಾಯ, ದೊಡ್ಡವನಾದ ಮೇಲೆ ಲೆಕ್ಕ ಚುಕ್ತಾ. ಆ ಅಚ್ಚಿಗೆ ಲೆವಿನ್‌ನ ಕೊಲೆಗಾರನನ್ನ ಸುರಿದರು.

ಈಗ ಎರಡೂ ಪಕ್ಕಪಕ್ಕ ಇಟ್ಟು ನೋಡಿ. ನಾಟಕ ಆಡಿ ಹುಡುಗಿ ಕೈಯಲ್ಲೇ ಆತ್ಮಹತ್ಯೆ ಪತ್ರ ಬರೆಸೋದು: ಬದಲಾಗಿಲ್ಲ. ಮದುವೆ ಅಂತ ಕರ್ಕೊಂಡು ಹೋಗೋದು: ಬದಲಾಗಿಲ್ಲ. ತಾರಸಿ: ಬದಲಾಗಿಲ್ಲ. ಸತ್ಯ ಗೊತ್ತಾಗೋ ಹಾಗಿರೋ ಸ್ನೇಹಿತರನ್ನ ಮುಗಿಸೋದು: ಅದೂ ಇದೆ. ಅವಳ ಜೊತೆ ಓದಿದ ಹುಡುಗ ಒಬ್ಬ, ಗೆಳತಿ ಒಬ್ಬಳು. ಈ ಮೂವರಲ್ಲಿ ಯಾರೂ ಅಜಯ್‌ನ ಅಪ್ಪನಿಗೆ ಏನೂ ಮಾಡಿದವರಲ್ಲ.

ಬದಲಾಗಿದ್ದು ಒಂದೇ, ನಮ್ಮ ಎದೆಯೊಳಗಿನ ತಕ್ಕಡಿ. ಫ್ಲ್ಯಾಶ್‌ಬ್ಯಾಕ್ ಬಂದ ಮೇಲೆ ಮೊದಲರ್ಧದ ಕೊಲೆಗಳು ಹಗುರ ಆಗಿಬಿಡ್ತವೆ. ಕೊನೆಗೆ ಅಜಯ್ ಅಮ್ಮನ ಮಡಿಲಲ್ಲಿ ಪ್ರಾಣ ಬಿಡುವಾಗ ನಾವು ಅಳ್ತೀವಿ. ಬಡ್ ಕುದಿಯೋ ತಾಮ್ರಕ್ಕೆ ಬಿದ್ದಾಗ ಯಾರೂ ಅಳಲ್ಲ. ಮಾಡಿದ ಕೆಲಸ ಮಾತ್ರ ಒಂದೇ.

ಶಾರುಖ್‌ಗೆ ಇದರಿಂದ ಫಿಲ್ಮ್‌ಫೇರ್ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಗಮನಿಸಿ, ಖಳನಟ ಅಲ್ಲ, ನಟ.

8/10

ಆರೇ ವಾರಕ್ಕೆ, 1993ರ ಡಿಸೆಂಬರ್ 24ಕ್ಕೆ ಯಶ್ ಚೋಪ್ರಾ ಅವರ 'ಡರ್' ಬಂತು. ಇದರಲ್ಲಿ ಆಸ್ತಿನೂ ಇಲ್ಲ, ಅಪ್ಪನ ಕಂಪನಿನೂ ಇಲ್ಲ. ಕಾಲೇಜಲ್ಲಿ ಜೊತೆಗೆ ಓದಿದ ಹುಡುಗ ಕಿರಣ್ ಹಿಂದೆ ಬೀಳ್ತಾನೆ. ಅವಳಿಗೆ ಅವನು ಯಾರು ಅಂತಲೇ ಸರಿಯಾಗಿ ಗೊತ್ತಿಲ್ಲ. ಫೋನ್ ಮಾಡ್ತಾನೆ, ಮನೆಗೆ ನುಗ್ತಾನೆ, ಅವಳ ಗಂಡನನ್ನ ಕೊಲ್ಲೋಕೆ ಹೋಗ್ತಾನೆ. ಹೀರೋ ಸನ್ನಿ ಡಿಯೋಲ್. ಆದ್ರೆ ಜನರ ಬಾಯಲ್ಲಿ ಉಳಿದದ್ದು ಶಾರುಖ್‌ನ ತೊದಲು ಮಾತು.

2000ದಲ್ಲಿ ಇದೇ ಕಥೆ ಕನ್ನಡದಲ್ಲಿ 'ಪ್ರೀತ್ಸೆ' ಆಯ್ತು. ಡಿ. ರಾಜೇಂದ್ರ ಬಾಬು ನಿರ್ದೇಶನ. ಶಿವರಾಜ್‌ಕುಮಾರ್, ಸೋನಾಲಿ ಬೇಂದ್ರೆ, ಹಿಂದೆ ಬೀಳೋ ಪಾತ್ರದಲ್ಲಿ ಉಪೇಂದ್ರ. ಇಲ್ಲೂ ಶಿಳ್ಳೆ ಯಾರಿಗೆ ಬಿತ್ತು ಅಂತ ನಿಮ್ಮ ಮನೆಯ ಅಣ್ಣಂದಿರನ್ನ, ಚಿಕ್ಕಪ್ಪಂದಿರನ್ನ ಕೇಳಿ ನೋಡಿ.

ಇಲ್ಲಿ ಒಂದು ಇತಿಹಾಸದ ವಿಷಯ ಹೇಳಲೇಬೇಕು. ಈ ಎರಡೂ ಸಿನಿಮಾ ಬಂದಾಗ ಹೆಣ್ಣುಮಕ್ಕಳನ್ನ ಹೀಗೆ ಹಿಂಬಾಲಿಸೋದನ್ನೇ ಪ್ರತ್ಯೇಕ ಅಪರಾಧ ಅನ್ನೋ ಸೆಕ್ಷನ್ ನಮ್ಮ ದಂಡಸಂಹಿತೆಯಲ್ಲಿ ಇರಲಿಲ್ಲ. 2012ರ ಡಿಸೆಂಬರ್‌ನ ದೆಹಲಿ ಘಟನೆ ಆದ ಮೇಲೆ, 2013ರ ತಿದ್ದುಪಡಿಯಲ್ಲಿ 354ಡಿ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಬೇಡ ಅಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸೋದು, ಸಂಪರ್ಕಿಸೋಕೆ ನೋಡೋದು, ಅವಳ ಇಂಟರ್ನೆಟ್, ಇಮೇಲ್ ಬಳಕೆ ಮೇಲೆ ಕಣ್ಣಿಡೋದು, ಎಲ್ಲ ಇದರಲ್ಲಿ ಬರುತ್ತೆ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದ್ರೆ 5 ವರ್ಷದವರೆಗೆ ಜೈಲು.

'ಡರ್' ಬಂದು ಸುಮಾರು 20 ವರ್ಷ ಆದ ಮೇಲೆ ಕಾನೂನು ಅದಕ್ಕೆ ಒಂದು ಹೆಸರಿಟ್ಟಿತು. ಅಲ್ಲಿವರೆಗೂ ನಾವು ಅದನ್ನ ಪ್ರೀತಿ ಅಂತ ಕರೀತಿದ್ವಿ.

9/10

ಈಗ ನಮ್ಮ ಮನೆ ಬಾಗಿಲಿಗೆ. 2002ರಲ್ಲಿ 'ಬಾಜಿಗರ್' ಕನ್ನಡಕ್ಕೆ ಬಂತು. ಹೀರೋ ಮತ್ತೆ ಉಪೇಂದ್ರ, ಜೊತೆಗೆ ಜ್ಯೋತಿಕಾ. ನಿರ್ದೇಶನ ಎಸ್. ಮುರಳಿ ಮೋಹನ್. ಹೆಸರು 'ನಾಗರಹಾವು'.

ಹೆಸರು ಎಲ್ಲಿಂದ ಎತ್ತಿದ್ದು ಅಂತ ಹೇಳಬೇಕಾಗಿಲ್ಲ. 1972ರ ಪುಟ್ಟಣ್ಣ ಕಣಗಾಲ್ ಸಿನಿಮಾ. ವಿಷ್ಣುವರ್ಧನ್ ಅವರ ರಾಮಾಚಾರಿ. ಅವನೂ ಕಾಲೇಜ್ ಹುಡುಗನೇ, ಚಿತ್ರದುರ್ಗದವನು, ಸಿಟ್ಟು ಮೂಗಿನ ತುದಿಯಲ್ಲಿ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಅದರಲ್ಲೊಂದರ ಹೆಸರು 'ಸರ್ಪ ಮತ್ಸರ'. ರಾಮಾಚಾರಿ ಬುಸುಗುಡ್ತಾನೆ, ಎದುರು ನಿಲ್ತಾನೆ. ಆದ್ರೆ ಅವನು ಮುಖವಾಡದವನಲ್ಲ. ಒಳಗಿದ್ದದ್ದೆಲ್ಲ ಮುಖದ ಮೇಲೇ ಕಾಣುತ್ತೆ. ಚಾಮಯ್ಯ ಮೇಷ್ಟ್ರ ಮುಂದೆ ಕರಗಿ ನೀರಾಗ್ತಾನೆ. ಸೈಕೋಪಾತ್ ಅನ್ನೋದಕ್ಕೆ ಅವನು ಪೂರಾ ಉಲ್ಟಾ.

ಮೂವತ್ತು ವರ್ಷದ ನಂತರ ಅದೇ ಹೆಸರನ್ನ ತಣ್ಣಗೆ ಪ್ಲ್ಯಾನ್ ಮಾಡಿ ಕೊಲ್ಲೋನಿಗೆ ಇಟ್ಟಾಗ ಏನಾಯ್ತು? ನಮ್ಮ ಹಳ್ಳಿಗಳಲ್ಲಿ ನಾಗರಹಾವು ಅಂದ ಕೂಡಲೇ ಒಂದು ನಂಬಿಕೆ ಇದೆ: ಹಾವು ಮುಖ ನೆನಪಿಟ್ಟುಕೊಂಡು ಹುಡುಕಿಕೊಂಡು ಬಂದು ಸೇಡು ತೀರಿಸುತ್ತೆ ಅಂತ. ಅಂದ್ರೆ ಟೈಟಲ್ ಕಾರ್ಡಲ್ಲೇ ಹೇಳಿಬಿಟ್ರು, ಇವನನ್ನ ಯಾರೋ ಮೊದಲು ತುಳಿದಿದ್ದಾರೆ.

ನಿಜ ಏನು ಅಂದ್ರೆ, ಹಾವು ಸೇಡು ಇಟ್ಟುಕೊಳ್ಳಲ್ಲ. ಹೆದರಿದಾಗ, ತುಳಿದಾಗ ಕಚ್ಚುತ್ತೆ, ದಾರಿ ಸಿಕ್ಕಿದ್ರೆ ಓಡಿಹೋಗುತ್ತೆ. ಸೇಡಿನ ಕಥೆ ಹಾವಿನದಲ್ಲ, ನಾವು ಅದಕ್ಕೆ ಅಂಟಿಸಿದ್ದು. ಲೆವಿನ್‌ನ ಹುಡುಗನಿಗೆ ಆಗಿದ್ದೂ ಅದೇ. ಅವನ ಹತ್ತಿರ ಇಲ್ಲದ ಸೇಡನ್ನ ನಾವು ಅಂಟಿಸಿದ್ವಿ, ಯಾಕಂದ್ರೆ ಕಾರಣ ಇಲ್ಲದ ಕ್ರೌರ್ಯ ನೋಡೋದು ಕಷ್ಟ.

10/10

ಕೊನೆಯ ಭಾಗ. ಹಾಗಾದ್ರೆ ಈ ಸಿನಿಮಾಗಳನ್ನ ನೋಡಲೇಬಾರದಾ? ಖಂಡಿತ ನೋಡಿ. ಚೆನ್ನಾಗಿವೆ, ನನಗೂ ಇಷ್ಟ. ಉಪ್ಪಿ ಅಭಿಮಾನಿಗಳು ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ ಗುರೂ. ನಾನು ಹೇಳ್ತಿರೋದು ಬೇರೆ.

ಫ್ಲ್ಯಾಶ್‌ಬ್ಯಾಕ್ ಸಿನಿಮಾದಲ್ಲಿ ಮಾತ್ರ ಇರಲ್ಲ. ಬೇಡ ಅಂತ ಹೇಳಿಸಿಕೊಂಡ ಹುಡುಗ "ಅವಳಿಂದ ನನ್ನ ಲೈಫ್ ಹಾಳಾಯ್ತು" ಅಂತ ನಾಲ್ಕು ಜನರ ಮುಂದೆ ಹೇಳ್ತಾನಲ್ಲ, ಅದು ಅವನೇ ತನಗೆ ಬರೆದುಕೊಂಡ ಫ್ಲ್ಯಾಶ್‌ಬ್ಯಾಕ್. ಅವಳ ಫೋಟೊ ಹರಿಬಿಡೋದು, ಹಾಸ್ಟೆಲ್ ಗೇಟ್ ಹತ್ತಿರ ಕಾಯೋದು, ಕೈಯಲ್ಲಿ ಬಾಟಲಿ ಹಿಡಿಯೋದು, ಎಲ್ಲಕ್ಕೂ ಮುಂಚೆ ಆ ಕಥೆ ತಯಾರಾಗಿರುತ್ತೆ. ಅದನ್ನ ಕೇಳಿ "ಪಾಪ, ನೊಂದಿದ್ದಾನೆ, ಬಿಡು ಮಗಾ ತೋರ್ಸು ಅವಳಿಗೆ" ಅಂತ ಬೆನ್ನು ತಟ್ಟೋ ಗೆಳೆಯರು ನಾವೇ ಆಗಿರ್ತೀವಿ. ನೋವು ನಿಜ ಇರಬಹುದು. ಅನ್ಯಾಯವೂ ನಿಜ ಇರಬಹುದು. ಅದು ಇನ್ನೊಬ್ಬರನ್ನ ತಾರಸಿಯವರೆಗೆ ಕರ್ಕೊಂಡು ಹೋಗೋಕೆ ಪರವಾನಗಿ ಅಲ್ಲ.

ಒಂದು ಸುಲಭದ ಅಭ್ಯಾಸ ಹೇಳ್ತೀನಿ. ಯಾವುದೇ ಸೇಡಿನ ಥ್ರಿಲ್ಲರ್ ನೋಡುವಾಗ ಫ್ಲ್ಯಾಶ್‌ಬ್ಯಾಕನ್ನ ಒಂದು ನಿಮಿಷ ಪಕ್ಕಕ್ಕಿಡಿ. ಅವನು ಏನು ಮಾಡಿದ ಅನ್ನೋದನ್ನ ಮಾತ್ರ, ಅದು ಆದವರ ಕಡೆಯಿಂದ ನೋಡಿ. ಅವರಿಗೆ ಒಂದು ಕ್ಲಾಸ್ ಇತ್ತು, ಪರೀಕ್ಷೆ ಇತ್ತು, ಸಂಜೆ ಕಾಯ್ತಿದ್ದ ಮನೆ ಇತ್ತು. ಲೆವಿನ್ ತನ್ನ ಪುಸ್ತಕದ ಮೂರು ಭಾಗಕ್ಕೂ ಅವರ ಹೆಸರೇ ಇಟ್ಟಿದ್ದ. ಆ ಹೆಸರುಗಳನ್ನ ನಾವು ದಾರಿಯಲ್ಲೆಲ್ಲೋ ಕಳ್ಕೊಂಡ್ವಿ.

ಇನ್ನೊಂದು: ಮಾತು ಕಮ್ಮಿ ಆಡೋ ಕ್ಲಾಸ್‌ಮೇಟನ್ನ ಸೈಕೋ ಅನ್ನಬೇಡಿ. ಲೆವಿನ್ ಕಥೆಯಲ್ಲಿ ಅಪಾಯ ಬಂದಿದ್ದು ಎಲ್ಲರಿಗೂ ಇಷ್ಟವಾದ, ಬೆಣ್ಣೆ ಮಾತಿನವನಿಂದ. ನಿಮ್ಮ ಮನಸ್ಸೇ ಭಾರ ಆಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಯಾರಾದ್ರೂ ಹಿಂದೆ ಬಿದ್ದಿದ್ರೆ ಮೆಸೇಜ್ ಡಿಲೀಟ್ ಮಾಡದೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಮನೆಯವರಲ್ಲಿ ಒಬ್ಬರಿಗಾದ್ರೂ ಹೇಳಿ, ತುರ್ತು ಇದ್ರೆ 112.

ಮತ್ತೆ, ಮೊದಲ ಭಾಗದ ಪ್ರಶ್ನೆಗೆ ಉತ್ತರ. ಅವಳ ಹೆಸರು ಸೀಮಾ. ಸೀಮಾ ಚೋಪ್ರಾ. ಕಾಲೇಜ್ ಓದ್ತಿದ್ದಳು.

#ಸಿನಿಮಾಇತಿಹಾಸ #ಕನ್ನಡದಲ್ಲಿಓದಿ #ಸೇಡಿನಕಥೆ #ಐರಾಲೆವಿನ್ #ಬಾಜಿಗರ್ #ನಾಗರಹಾವು